ಮನೆಗೆ ಅಮ್ಮ ಬಂದಿದ್ದಾರೆ

೧೯೫೮ನೇ ಇಸವಿ ಏಪ್ರಿಲ್ ೧೪, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹೆಡ್‌ಮಾಸ್ಟರುಗಳ ತರಬೇತಿ ಶುರುವಾದದ್ದನ್ನು ನನ್ನ ಆ ವರ್ಷದ ಡೈರಿ ಹೀಗೆ ಹೇಳುತ್ತದೆ. ಎಂಟಕ್ಕೇ ಶುರುವಾಗಬೇಕಿತ್ತು, ಹಾಲಿನ ಬೀಗದ ಕೈ ಹುಡುಕುವುದರಲ್ಲಿ ಹತ್ತು ನಿಮಿಷ ಹೋಯಿತು. ಬಂದವರು ಇಪ್ಪತ್ತೆರಡು ಜನ, ಅದರಲ್ಲಿ ಹೆಂಗಸರು ಮೂವರು. ಫ್ಯಾನು ಎರಡು, ತಿರುಗುತ್ತಿದ್ದದ್ದು ಒಂದು. ಬಿಸಿಲು ಜಾಸ್ತಿ, ಬೆಟ್ಟ ಮಸುಕು.

ಐದು ವರ್ಷದ ಹಿಂದಿನ ಆ ಡೈರಿಯನ್ನು ಪೆಟ್ಟಿಗೆಯಿಂದ ತೆಗೆಯುವ ಹಾಗೆ ಮಾಡಿದ್ದು ಮೊನ್ನೆ ಮೂಗಿಗೆ ಬಡಿದ ಒಂದು ವಾಸನೆ. ಬನ್ನಿಮಂಟಪದ ಕಡೆ ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ಮನೆಗಳ ಮುಂದೆ ಹೊಸೆದ ಊದುಬತ್ತಿಗಳನ್ನು ಒಣಗಲು ಹರಡಿದ್ದರು. ಹತ್ತಿಸದ ಊದುಬತ್ತಿಗೆ ದೇವರಮನೆಯ ವಾಸನೆ ಇರುವುದಿಲ್ಲ. ಒದ್ದೆ ಇದ್ದಿಲ ಪುಡಿಯ, ಅಂಟಿನ, ಹೊಸೆದ ಕೈಗಳ ವಾಸನೆ ಅದು. ಆ ಬೇಸಿಗೆ ಇಡಿಯಾಗಿ ತಿರುಗಿ ಬಂತು.

ಆಗ ನನಗೆ ಇಪ್ಪತ್ತಾರು ವರ್ಷ. ಆ ಓಣಿಗೆ ಸಮೀಪದ ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲಿನಲ್ಲಿ ದೊಡ್ಡ ಮೇಡಂ ನಿವೃತ್ತರಾಗಿ, ಬೇರೆಯವರು ಬರುವ ತನಕ ನೋಡಿಕೊಳ್ಳಿ ಎಂದು ನನಗೆ ಚಾರ್ಜು ಕೊಟ್ಟಿದ್ದರು. ಆ 'ತನಕ' ಹತ್ತು ತಿಂಗಳಾಗಿತ್ತು. ಲೆಕ್ಕ ಇಡುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಮಳೆ ಬಂದ ದಿನ, ಒಡೆದ ಸ್ಲೇಟು, ತಡವಾಗಿ ಬಂದ ಟೀಚರು, ಗೈರುಹಾಜರಾದ ಮಕ್ಕಳು ಮತ್ತು ಅವರು ಕೊಟ್ಟ ಕಾರಣ, ಎಲ್ಲವೂ ತಾರೀಖಿನ ಸಮೇತ ನನ್ನ ಹತ್ತಿರ ಇರುತ್ತಿತ್ತು. ಲೆಕ್ಕ ಸರಿಯಾಗಿದ್ದರೆ ಸ್ಕೂಲು ಸರಿಯಾಗಿದೆ ಎಂದು ನಂಬಿದ್ದೆ.

ಬೇಸಿಗೆ ರಜೆಯಲ್ಲಿ ಮೂರು ವಾರದ ತರಬೇತಿಗೆ ಬಾ ಎಂದು ಆರ್ಡರು ಬಂತು. ಬೆಳಗಿನ ಹೊತ್ತು ಲೆಕ್ಕಪತ್ರ, ವೇಳಾಪಟ್ಟಿ, ಕಟ್ಟಡದ ದುರಸ್ತಿ. ಮಧ್ಯಾಹ್ನ ಎರಡಕ್ಕೆ ಒಂದು ಕ್ಲಾಸು; ಪಟ್ಟಿಯಲ್ಲಿ ಅದರ ಹೆಸರು 'ಕಷ್ಟಕಾಲದಲ್ಲಿ ಮುಖ್ಯೋಪಾಧ್ಯಾಯರ ನಿರ್ಣಯಗಳು'. ನಮ್ಮವರು ಎರಡನೆಯ ದಿನವೇ ಅದಕ್ಕೆ 'ಸಂಕಟದ ಕ್ಲಾಸು' ಎಂದು ಹೆಸರಿಟ್ಟರು. ತೆಗೆದುಕೊಳ್ಳುತ್ತಿದ್ದವರು ನಂಜೇಗೌಡ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು. ತೆಳ್ಳಗೆ, ಎತ್ತರಕ್ಕೆ, ಮುಚ್ಚಿದ ಕಾಲರಿನ ಬಿಳಿ ಕೋಟು. ಒಂದು ಕಿವಿ ಮಂದ. ಹಾಗಾಗಿ ಯಾರು ಮಾತಾಡಿದರೂ ಆ ಕಡೆಗೆ ತಲೆ ವಾಲಿಸಿ ಕೇಳುತ್ತಿದ್ದರು.

ಅವರ ಕ್ರಮ ಹೀಗಿತ್ತು. ದಿನಕ್ಕೆ ಒಂದು ಚೀಟಿ. ಅದರಲ್ಲಿ ಯಾವುದೋ ಸ್ಕೂಲಿನಲ್ಲಿ ನಡೆದ ಒಂದು ಸಂಗತಿ. ನಾವು ಹತ್ತು ನಿಮಿಷದಲ್ಲಿ ನಮ್ಮ ಆರ್ಡರನ್ನು ಬರೆಯಬೇಕು. ಇಷ್ಟೇ ಆಗಿದ್ದರೆ ಎಲ್ಲರೂ ಮಾಡುತ್ತಿದ್ದರು. ಆಮೇಲೆ ಅವರು ಹಾಲಿನ ಪಕ್ಕದ ಸಣ್ಣ ಕೋಣೆಯ ಬಾಗಿಲು ಹಾಕಿಸುತ್ತಿದ್ದರು. ನಮ್ಮಲ್ಲೇ ಒಬ್ಬರು ಒಳಗೆ ಹೋಗಿ ಆ ಆರ್ಡರಿನಿಂದ ಪೆಟ್ಟು ತಿನ್ನುವವರಾಗಿ ಕೂರಬೇಕು. ಆರ್ಡರು ಬರೆದವರು ಹೊರಗೆ ನಿಂತು ಬಾಗಿಲು ತಟ್ಟಿ, ಒಳಗಿನವರು ತೆಗೆದ ಮೇಲೆ, ಹೊಸಲಿನ ಆಚೆಯಿಂದ ಅದನ್ನು ಬಾಯಲ್ಲಿ ಹೇಳಬೇಕು. ಆಫೀಸಿನ ಮಾತು ಒಂದೂ ಬರಕೂಡದು.

ಮೊದಲ ದಿನದ ಚೀಟಿ: ಮನೆ ಸುಟ್ಟುಹೋಗಿ ಪಟ್ಟಣಕ್ಕೆ ಬಂದ ಒಬ್ಬ ತಾಯಿ ಮಗನನ್ನು ಸ್ಕೂಲಿಗೆ ಸೇರಿಸಲು ಬಂದಿದ್ದಾಳೆ. ಹಳೆಯ ಸ್ಕೂಲಿನ ಟಿ.ಸಿ. ಮನೆಯ ಜೊತೆಗೇ ಸುಟ್ಟಿದೆ. ಟಿ.ಸಿ. ಇಲ್ಲದೆ ಸೇರಿಸಬಾರದೆಂದು ನಿಯಮ. ಏನು ಮಾಡುತ್ತೀರಿ?

ನರಸೀಪುರದ ಕಡೆಯಿಂದ ಬಂದಿದ್ದ ಮಲ್ಲಪ್ಪನವರು ಮೊದಲು ಎದ್ದರು. ದೊಡ್ಡ ಮೈ, ದೊಡ್ಡ ದನಿ, ನಮ್ಮ ಬ್ಯಾಚಿನ ನಗೆಗಾರ. ಸೇರಿಸಲಾಗದು ಎಂದು ಖಡಕ್ಕಾಗಿ ಬರೆದಿದ್ದರು. ಬಾಗಿಲು ತಟ್ಟಿ, ಗಂಟಲು ಸರಿ ಮಾಡಿಕೊಂಡು, "ಈ ಮೂಲಕ ತಿಳಿಯಪಡಿಸುವುದೇನೆಂದರೆ..." ಎಂದು ಶುರು ಮಾಡಿದರು.

ಒಳಗೆ ತಾಯಿಯಾಗಿ ಕೂತಿದ್ದ ಮುದುಕ ಹೆಡ್‌ಮಾಸ್ಟರೊಬ್ಬರು ಸೆರಗು ಹೊದ್ದವರ ಹಾಗೆ ಅಂಗವಸ್ತ್ರ ಎಳೆದುಕೊಂಡು, "ಏನ್ ಸ್ವಾಮಿ ಅದು ಮೂಲ? ಮೂಲವ್ಯಾಧಿಯಾ?" ಅಂದರು.

ಹಾಲು ಹಾರಿಹೋಗುವ ಹಾಗೆ ನಕ್ಕೆವು. ಮಲ್ಲಪ್ಪನವರೂ ನಕ್ಕರು. ನಂಜೇಗೌಡ ಮೇಷ್ಟ್ರು ಮಾತ್ರ ಕಿವಿ ವಾಲಿಸಿಕೊಂಡು ಕಾಯುತ್ತ ನಿಂತಿದ್ದರು. "ನಕ್ಕಾಯ್ತಾ? ಈಗ ಹೇಳಿ ಮಲ್ಲಪ್ಪೋರೆ. ಆಯಮ್ಮ ಬಾಗಿಲು ತೆಗೆದು ನಿಂತವ್ಳೆ."

ಮಲ್ಲಪ್ಪನವರು, "ನೋಡಮ್ಮ, ಆ ಸುಟ್ಟೋದ ಕಾಗದ ಇದ್ಯಲ್ಲ, ಅದನ್ನ ತಗೊಂಡ್ಬಂದ್ರೆ..." ಎಂದು ಅಲ್ಲಿಗೇ ನಿಂತು, "ಥೂ, ನಾನೇನ್ ಹೇಳ್ತಾ ಇದೀನಿ ಸಾರ್!" ಅಂದರು.

ಆ ದಿನದ ಲೆಕ್ಕ ನನ್ನ ಡೈರಿಯಲ್ಲಿದೆ. ಚೀಟಿಯ ಮೇಲೆ: ಸೇರಿಸಬಾರದು ೧೫, ಸೇರಿಸಬೇಕು ೭. ಬಾಗಿಲ ಹತ್ತಿರ ಹೋಗಿ ಬಂದ ಮೇಲೆ: ೬, ೧೬.

ಬಾಗಿಲ ಮುಂದೆ ನಿಂತರೆ ಎಲ್ಲರೂ ಮೆತ್ತಗಾಗುತ್ತಾರೆ, ಅಷ್ಟೇ ತಾನೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಎರಡನೆಯ ವಾರ ಬೇರೆ ಚೀಟಿ ಬಂತು. ಸ್ಕೂಲಿನ ಗೋಡೆ ಬಿರುಕು ಬಿಟ್ಟಿದೆ, ಪರೀಕ್ಷೆ ಹತ್ತಿರ. ತಂದೆತಾಯಿಗಳು ಅಲ್ಲೇ ಕ್ಲಾಸು ನಡೆಸಿ ಎಂದು ಒತ್ತಾಯಿಸುತ್ತಾರೆ. ಬಾಗಿಲ ಮುಂದೆ ನಿಂತ ನಮ್ಮ ಗೆಳೆಯರೊಬ್ಬರು ಒಳಗಿನ 'ತಂದೆ'ಯ ಗೋಳಿಗೆ ಕರಗಿ, ಆಗಲಿ ನಡೆಸೋಣ ಅಂದುಬಿಟ್ಟರು. ಮೇಷ್ಟ್ರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಾಗಿಲು ತೆಗೆದೋರೆಲ್ಲಾ ಸರಿ ಅಂತ ನಾನ್ಯಾವಾಗ್ ಹೇಳ್ದೆ ಕಣ್ರೀ? ಗೋಡೆ ಬಿದ್ರೆ ಅವರ ಮಗನ ಮೇಲೇ ಬೀಳೋದು. ಅವರ ಮುಖ ನೋಡ್ಕೊಂಡೇ ಇಲ್ಲ ಅನ್ನಿ. ಮುಖ ನೋಡ್ದೆ ಹೌದು ಅಂದ್ರೂ ತಪ್ಪು, ಇಲ್ಲ ಅಂದ್ರೂ ತಪ್ಪು."

ಮೂರನೆಯ ವಾರಕ್ಕೆ ಮೇಷ್ಟ್ರು ನಮ್ಮಿಂದಲೇ ಚೀಟಿ ಕೇಳಿದರು. ಪ್ರತಿಯೊಬ್ಬರೂ ತಮ್ಮ ಸ್ಕೂಲಿನಲ್ಲಿ ನಡೆದ, ಇನ್ನೂ ತೀರ್ಮಾನವಾಗದ ಒಂದು ಸಂಗತಿ ಬರೆದು ಕೊಡಬೇಕು. ಹೆಸರು, ಊರು ಬೇಡ. ನನ್ನ ಹತ್ತಿರ ಅಂಥದ್ದು ಒಂದಿತ್ತು. ಅದನ್ನು ಇಲ್ಲಿ ಮೊದಲಿಂದ ಹೇಳಬೇಕು.

ನಮ್ಮ ಸ್ಕೂಲಿನ ಆರನೆಯ ತರಗತಿಯಲ್ಲಿ ಪುಟ್ಟಲಕ್ಷ್ಮಿ ಎಂಬ ಹುಡುಗಿ. ಹನ್ನೆರಡು ವರ್ಷ. ಊದುಬತ್ತಿ ಹೊಸೆಯುವ ಅಜ್ಜಿಯ ಜೊತೆ ಆ ಓಣಿಯಲ್ಲಿದ್ದಳು. ಒಬ್ಬ ಸಣ್ಣ ತಮ್ಮ. ತಂದೆ ಇಲ್ಲ. ತಾಯಿ ಕೊಳ್ಳೇಗಾಲದಲ್ಲಿ ಯಾರೋ ವಕೀಲರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದು ವರ್ಷಕ್ಕೆ ಎರಡು ಮೂರು ಸಲ ಬಂದು ಹೋಗುತ್ತಿದ್ದರು. ತಾಯಿ ಬಂದಾಗಲೆಲ್ಲ ಹುಡುಗಿ ಸ್ಕೂಲಿಗೆ ಚಕ್ಕರ್. ಆಗಸ್ಟಿನಲ್ಲಿ ಮೂರು ದಿನ, ದಸರಾ ಆದ ಮೇಲೆ ನಾಲ್ಕು ದಿನ. ಇದೂ ನನ್ನ ಲೆಕ್ಕದ ಪುಸ್ತಕದಲ್ಲಿತ್ತು.

ಫೆಬ್ರವರಿ ೧೦, ಸೋಮವಾರ, ಅವಳ ರಜಾಚೀಟಿ ಬಂತು. ದುಂಡನೆಯ ಅಕ್ಷರ. 'ನಮ್ಮ ಮನೆಗೆ ಅಮ್ಮ ಬಂದಿದ್ದಾರೆ. ಆದ್ದರಿಂದ ದಯವಿಟ್ಟು ರಜೆ ಕೊಡಬೇಕಾಗಿ ಬೇಡುತ್ತೇನೆ.'

ಆ ವಾರ ಇನ್‌ಸ್ಪೆಕ್ಷನ್ ಇತ್ತು. ಹಾಜರಿ ಕಡಿಮೆಯಾಗಬಾರದು. ನಾನು ನನ್ನ ಪುಸ್ತಕ ತೆಗೆದು, ಮೂರನೆಯ ಸಲ ಎಂದು ಗುರುತು ಹಾಕಿ, ಚೀಟಿಯ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದೆ: 'ತಾಯಿ ಬಂದ ಕಾರಣಕ್ಕೆ ರಜೆ ಇಲ್ಲ. ನಾಳೆ ತಪ್ಪದೆ ಈ ಚೀಟಿಯೊಂದಿಗೆ ಹಾಜರಾಗತಕ್ಕದ್ದು.' ಕಿಟಕಿಯಿಂದ ನೋಡಿದರೆ ಹುಡುಗಿ ಗೇಟಿನ ಆಚೆ ನಿಂತಿದ್ದಳು. ಒಳಗೆ ಬಂದಿರಲಿಲ್ಲ. ಮನೆಗೆ ಓಡುವ ಆತುರ ಎಂದುಕೊಂಡು ಜವಾನನ ಕೈಯಲ್ಲಿ ಚೀಟಿ ಕಳಿಸಿದೆ.

ನಮ್ಮ ಕಡೆ ಸಿಡುಬನ್ನು ಮನೆಯಲ್ಲಿ ಯಾರೂ ಸಿಡುಬು ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಹಾಗೆ ಅಮ್ಮ ಬಂದ ಮನೆಯವರು ಬೇರೆಯವರ ಹೊಸಲು ದಾಟುವುದಿಲ್ಲ. ಇದು ನನಗೂ ಗೊತ್ತು. ನನ್ನ ಮನೆಯಲ್ಲೂ ಹಾಗೇ ಹೇಳುತ್ತಿದ್ದರು. ಆದರೆ ಅಲ್ಲೆಲ್ಲ ಏಕವಚನ. ದೇವಿಯನ್ನು ಯಾರೂ 'ಬಂದಿದ್ದಾರೆ' ಅನ್ನುವುದಿಲ್ಲ. ಈ ಹುಡುಗಿ ಯಾಕೆ ಬರೆದಳು? ಹದಿನೈದು ದಿನದ ಹಿಂದೆ ಆರನೆಯ ತರಗತಿಗೆ ಪತ್ರಲೇಖನ ಪಾಠ ಮಾಡಿ, ದೊಡ್ಡವರ ವಿಚಾರ ಬರೆಯುವಾಗ ಬಹುವಚನ ಹಾಕಬೇಕು ಎಂದು ಹೇಳಿಕೊಟ್ಟಿದ್ದವಳು ನಾನೇ. ಅವಳು ದೇವಿಗೂ ಮರ್ಯಾದೆ ಕೊಟ್ಟು ಬರೆದಿದ್ದಳು. ಮನೆಯಲ್ಲಿ ಸಿಡುಬು ಬಂದಿದ್ದದ್ದು ತಮ್ಮನಿಗೆ. ಚೀಟಿ ಓದಿದ ದಿನ ಇದಾವುದೂ ನನಗೆ ಹೊಳೆಯಲಿಲ್ಲ.

ಮಾರನೆಯ ದಿನ ಪುಟ್ಟಲಕ್ಷ್ಮಿ ಚೀಟಿ ತಂದು ಒಪ್ಪಿಸಿ ತನ್ನ ಬೆಂಚಿನಲ್ಲಿ ಕೂತಳು. ಫೆಬ್ರವರಿ ೨೨ಕ್ಕೆ ಅವಳಿಗೂ ಸಿಡುಬಿನ ಜ್ವರ. ೨೪ರ ಸೋಮವಾರವೂ ಬಂದು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದ್ದಳು. ಪಕ್ಕದ ಮನೆಯ, ಪಕ್ಕದ ಬೆಂಚಿನ ಗೌರಿ ಅವಳ ಹೆಗಲಿಗೆ ಕೈ ಹಾಕಿಕೊಂಡು ಮನೆಗೆ ಬಿಟ್ಟು ಬಂದಳು. ಮಾರ್ಚ್ ೮ಕ್ಕೆ ಗೌರಿಗೂ ಬಂತು. ಎಣಿಸಿದರೆ ಹನ್ನೆರಡು ದಿನ. ಇಬ್ಬರೂ ಬದುಕಿದರು. ಗೌರಿಯ ಎಡಗಣ್ಣಿಗೆ ಪೊರೆ ಬಂದು ಬೆಳಕು ಹೋಯಿತು.

ಓಣಿಯವರು, ಎಲ್ಲರಿಗಿಂತ ಮುಂದೆ ಗೌರಿಯ ತಾಯಿ ನಿಂಗಮ್ಮ, ಅಜ್ಜಿ ರೋಗವನ್ನು ಮುಚ್ಚಿಟ್ಟು ಹುಡುಗಿಯನ್ನು ಸ್ಕೂಲಿಗೆ ಅಟ್ಟಿದಳು ಎಂದರು. ಪುಟ್ಟಲಕ್ಷ್ಮಿಯ ಹೆಸರು ಹೊಡೆದುಹಾಕಬೇಕೆಂದು ಇಪ್ಪತ್ತೇಳು ಹೆಬ್ಬೆಟ್ಟು, ಒಂಬತ್ತು ಸಹಿ ಇರುವ ಅರ್ಜಿ ಕೊಟ್ಟರು. ಮಾರ್ಚ್ ೨೦ರಂದು ಅವರನ್ನೆಲ್ಲ ಸ್ಕೂಲಿನ ಅಂಗಳದಲ್ಲಿ ಸೇರಿಸಿದೆ. ಅಜ್ಜಿ ಆಗಲೂ ಗೇಟಿನ ಆಚೆಯೇ ನಿಂತಿದ್ದರು. ಬೈಗುಳವೆಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿ ಒಂದೇ ಮಾತು ಹೇಳಿದರು: "ಬರ್ಸಿ ಕಳ್ಸಿದ್ನಲ್ಲ ಅಮ್ಮಾವ್ರೆ."

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ರಿಜಿಸ್ಟರಿನ ಮೇಲೆ ಕಣ್ಣಿಟ್ಟುಕೊಂಡು, "ಜೂನಿನಲ್ಲಿ ತೀರ್ಮಾನ ಮಾಡೋಣ" ಎಂದೆ. ಆ ಸಂಜೆ ಫೈಲಿನಿಂದ ರಜಾಚೀಟಿ ತೆಗೆದು ನನ್ನ ಡೈರಿಯಲ್ಲಿಟ್ಟುಕೊಂಡೆ. ಜೋಪಾನವಾಗಿರಲಿ ಎಂದು ಮನಸ್ಸಿಗೆ ಹೇಳಿಕೊಂಡೆ.

ತರಬೇತಿಯಲ್ಲಿ ನಾನು ಬರೆದು ಕೊಟ್ಟ ಚೀಟಿ ಹೀಗಿತ್ತು: 'ಒಂದು ಮನೆಯವರು ಸಿಡುಬನ್ನು ತಿಳಿಸದೆ ಹುಡುಗಿಯನ್ನು ಸ್ಕೂಲಿಗೆ ಕಳಿಸಿದರು. ಇನ್ನೊಬ್ಬ ಹುಡುಗಿ ಕಣ್ಣು ಕಳೆದುಕೊಂಡಳು. ತಂದೆತಾಯಿಗಳು ಮೊದಲನೆಯ ಹುಡುಗಿಯ ಹೆಸರು ತೆಗೆಯಿರಿ ಎನ್ನುತ್ತಾರೆ. ಏನು ಮಾಡಬೇಕು?' ಕೆಂಪು ಶಾಯಿಯ ಮಾತು ಬರೆಯಲಿಲ್ಲ. ನನಗೆ ಬೇಕಿದ್ದದ್ದು ಇಪ್ಪತ್ತೊಂದು ಜನರ ಲೆಕ್ಕ. ಹೆಚ್ಚು ಜನ ಹೆಸರು ತೆಗೆಯಿರಿ ಅಂದರೆ ತೆಗೆಯುವುದು ಸುಲಭವಾಗುತ್ತದೆ ಎಂದು ಒಳಗೇ ಎಣಿಸಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಎಣಿಸಿದ್ದು ಹಾಗೇ.

ಮೇ ೧, ಗುರುವಾರ, ಹದಿನಾರನೆಯ ದಿನ, ಮೇಷ್ಟ್ರು ಆ ಚೀಟಿ ಓದಿದರು. ಹೆಸರು ತೆಗೆಯಬೇಕು ೧೩, ಬೇಡ ೮. ಆಚೆ ಮೋಡ ಕಟ್ಟಿಕೊಂಡು ಹಾಲು ಮಬ್ಬಾಗಿತ್ತು. ಬಾಗಿಲ ಆಚೆ ನಿಲ್ಲಲು ಮಲ್ಲಪ್ಪನವರು ಎದ್ದರು. ಒಳಗೆ ಕೂರುವವರು ಯಾರು ಎಂದಾಗ ಯಾರೋ, "ಅಜ್ಜಿ ಪಾರ್ಟಿಗೆ ಹೆಂಗಸರೇ ಆಗ್ಲಿ ಸಾರ್. ಲೆಕ್ಕದ ಕಮಲಮ್ಮೋರು ಒಂದ್ಸಲಾನೂ ಒಳಗ್ ಹೋಗಿಲ್ಲ" ಅಂದರು. ನಿಜ. ಹದಿನಾರು ದಿನವೂ ನಾನು ಹೊರಗೆ ಕೂತು ಲೆಕ್ಕ ಬರೆದುಕೊಂಡಿದ್ದೆ.

ಕೋಣೆಯಲ್ಲಿ ಒಂದು ಸ್ಟೂಲು, ಮುರಿದ ಭೂಪಟದ ಕೋಲು, ಧೂಳು. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದೆ. ಮಲ್ಲಪ್ಪನವರು ಈ ಸಲ ನಗಲಿಲ್ಲ, ನಗಿಸಲಿಲ್ಲ.

"ಅಜ್ಜಿ, ನಿಮ್ ಮೊಮ್ಮಗಳನ್ನ ಇನ್ಮೇಲೆ ಸ್ಕೂಲಿಗೆ ಸೇರಿಸ್ಕೊಳಕ್ಕಾಗಲ್ಲ ಕಣವ್ವ. ನೀವು ಕಾಯಿಲೆ ಮುಚ್ಚಿಟ್ರಿ. ಇನ್ನೊಂದು ಮಗು ಕಣ್ಣು ಹೋಯ್ತು. ನಾವೇನ್ ಮಾಡನ, ನೀವೇ ಹೇಳಿ."

ಅಜ್ಜಿಯಾಗಿ ಅಳಬೇಕು, ಬೇಡಿಕೊಳ್ಳಬೇಕು ಎಂದೆಲ್ಲ ಯೋಚಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಬರ್ಸಿ ಕಳ್ಸಿದ್ನಲ್ಲ ಅಮ್ಮಾವ್ರೆ."

ಎದುರಿಗೆ ನಿಂತಿದ್ದದ್ದು ಮಲ್ಲಪ್ಪನವರು. ನಾನು 'ಅಮ್ಮಾವ್ರೆ' ಎಂದಿದ್ದೆ. ಹಿಂದೆ ಯಾರೋ ಕಿಸಕ್ಕೆಂದರು. ಮಲ್ಲಪ್ಪನವರು ತಬ್ಬಿಬ್ಬಾಗಿ, "ಏನ್ ಬರ್ಸಿದ್ರಿ? ಚೀಟೀಲಿ ಅದಿಲ್ವಲ್ಲ" ಅಂದರು.

"ಅಮ್ಮ ಬಂದವ್ಳೆ ಅಂತ ಬರ್ಸಿದ್ದೆ. ಮಗೀನ ಗೇಟಿನ ಆಚೇನೇ ನಿಲ್ಸಿದ್ದೆ. ನೀವು ಕೆಂಪಿಂಕಲ್ಲಿ ಬಾ ಅಂತ ಬರ್ದ್ರಿ."

ಹಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ನಂಜೇಗೌಡ ಮೇಷ್ಟ್ರು ಗಡಿಯಾರ ನೋಡಿ, "ಇವತ್ತಿಗೆ ಸಾಕು. ಮಳೆ ಬರೋ ಹಂಗಿದೆ, ಹೊರಡಿ" ಎಂದರು. ಎರಡು ಗಂಟೆ ಐವತ್ತು. ಹತ್ತು ನಿಮಿಷ ಮುಂಚೆ.

ಎಲ್ಲರೂ ಹೋದ ಮೇಲೆ ಅವರು ಕೇಳಿದ್ದು ಒಂದೇ. "ಆ ಕಾಗದ ಎಲ್ಲಿದೆ?"

"ನನ್ನ ಡೈರೀಲಿದೆ ಸಾರ್. ಹಾಳು ಮಾಡಿಲ್ಲ. ಜೋಪಾನವಾಗಿಟ್ಟಿದೀನಿ."

"ಡೈರಿ ನಿಮ್ದು. ಕಾಗದ ಸ್ಕೂಲಿಂದು. ಅದು ಯಾವ ಫೈಲಲ್ಲಿತ್ತೋ ಅಲ್ಲಿಗೇ ಹಾಕಿ. ಹಾಕಿದ ಮೇಲೆ ಮುಂದೆ ಏನ್ ಮಾಡ್ಬೇಕು ಅಂತ ನನ್ನ ಕೇಳಬೇಕಾಗಲ್ಲ."

"ಚಾರ್ಜು ಹೋಗುತ್ತೆ ಸಾರ್."

"ಹೋಗ್ಬೋದು," ಅಂದರು. ಸಮಾಧಾನ ಹೇಳುವ ಪ್ರಯತ್ನ ಮಾಡಲಿಲ್ಲ. ಛತ್ರಿ ತೆಗೆದುಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತರು. "ನನ್ ಹತ್ರಾನೂ ಇಂಥದ್ದೊಂದು ಕಾಗದ ಇತ್ತಮ್ಮ. ನಾನು ಸುಟ್ಟಾಕ್ಬುಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ, ನನಗೇನೂ ಆಗ್ಲಿಲ್ಲ. ಒಳ್ಳೇ ಹೆಡ್‌ಮಾಸ್ಟ್ರು ಅಂತ ಹಾರ ಹಾಕಿ ಕಳ್ಸಿದ್ರು. ಅದಕ್ಕೇ ಈ ಬಾಗಿಲು ಹಿಡ್ಕೊಂಡು ನಿಂತಿರೋದು."

ಮಳೆ ಬಂತು, ಆನೆಕಲ್ಲು ಸಹಿತ. ಡೈರಿಯಲ್ಲಿ 'ಮೊದಲ ಮಳೆ, ೩.೨೦ರಿಂದ ೪.೦೫' ಎಂದಿದೆ. ಜಗಲಿಯಲ್ಲಿ ನಿಂತಿದ್ದಾಗ ಮಲ್ಲಪ್ಪನವರು ಎಲ್ಲಿಂದಲೋ ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. "ಕುಡೀರಿ ಕಮಲಮ್ಮೋರೆ. ಆ ಬಾಗಲಲ್ಲಿ ಎಂಟು ಸಲ ನಿಂತಿದೀನಿ. ತಟ್ಟಬಾರದಿತ್ತು ಅನ್ಸಿದ್ದು ಇವತ್ತೇ ನೋಡಿ." ಬೇರೇನೂ ಕೇಳಲಿಲ್ಲ.

ಶನಿವಾರ ತರಬೇತಿ ಮುಗಿಯಿತು. ಆ ಮಧ್ಯಾಹ್ನವೇ ಸ್ಕೂಲಿನ ಬೀಗ ತೆಗೆದು ಚೀಟಿಯನ್ನು ಫೈಲಿಗೆ ಸೇರಿಸಿ, ಇನ್‌ಸ್ಪೆಕ್ಟರಿಗೆ ಒಂದು ಪುಟದ ವಿವರ ಬರೆದೆ. ಭಾನುವಾರ, ಮೇ ೪, ಬೆಳಿಗ್ಗೆ ಒಂಬತ್ತೂವರೆಗೆ ಓಣಿಗೆ ಹೋದೆ. ಅಜ್ಜಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದೆ. ಮೂರೇ ವಾಕ್ಯ. ಆಫೀಸಿನ ಮಾತು ಒಂದೂ ಇರಲಿಲ್ಲ.

ಬಾಗಿಲಿಗೆ ಬೀಗ. ಕದದ ಮೇಲೆ ಸಿಕ್ಕಿಸಿದ್ದ ಬೇವಿನ ಸೊಪ್ಪು ಒಣಗಿ ಕಡ್ಡಿಯಾಗಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ನಿಂಗಮ್ಮ ಹಲಗೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದರು. ಕೈ ಮೊಣಕೈ ತನಕ ಕಪ್ಪು.

"ಅವ್ರಿಲ್ಲ ಅಮ್ಮಾವ್ರೆ. ಅಮ್ಮ ಬಂದಿದ್ರು."

"ಮತ್ತೆ ಬಂತಾ? ಯಾರಿಗೆ?"

ನಿಂಗಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಅಯ್ಯೋ, ಆ ಅಮ್ಮ ಅಲ್ಲ ಕಣಮ್ಮ. ಅವರಮ್ಮ. ಪುಟ್ಲಕ್ಷ್ಮಿ ಹೆತ್ತೋಳು. ಹೋದ್ ಶುಕ್ರವಾರದ ಹಿಂದಿನ ಶುಕ್ರವಾರ ಬಂದು ಮೂರೂ ಜನಾನೂ ಕರ್ಕೊಂಡೋದ್ಳು. ಹೋಗ್ಲಿ ಬುಡಿ, ಪೀಡೆ."

ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಕೇಳಬೇಕಾದವರು ಇರಲಿಲ್ಲ. ಇದ್ದವರು ಗೌರಿಯ ತಾಯಿ. ಒಳಗೆ ಹೊಸಲಿನ ಹತ್ತಿರ ಗೌರಿ ಕಡ್ಡಿಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದಳು, ನನ್ನನ್ನು ನೋಡಲು ಮುಖವನ್ನು ಎಡಕ್ಕೆ ಪೂರ್ತಿ ತಿರುಗಿಸಿದಳು. ಅಲ್ಲಿಂದ ಹಾಗೇ ಹೊರಟುಬಿಡಬಹುದಿತ್ತು. ಚಪ್ಪಲಿ ಬಿಟ್ಟು ಜಗಲಿಯ ಕೆಳಗೆ ನಿಂತೆ.

"ನಿಂಗಮ್ಮೋರೆ, ಅಜ್ಜಿ ಏನೂ ಮುಚ್ಚಿಡಲಿಲ್ಲ. ಚೀಟಿ ಬರೆಸಿ ಕಳಿಸಿದ್ರು. ನಾನು ಅದನ್ನ ತಪ್ಪಾಗಿ ಓದಿ, ಹುಡುಗೀನ ಬಾ ಅಂತ ಕರೆಸಿದೆ."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಚೀಟಿಯಲ್ಲಿ ಏನಿತ್ತು, ನಾನು ಏನು ಅಂದುಕೊಂಡೆ, ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಹೊಸೆಯುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟರು. ಅದು ಅರ್ಧ ಬೋಳಾಗಿತ್ತು.

"ಮಾರ್ಚಲ್ಲಿ ಹೇಳ್ಲಿಲ್ವಲ್ಲ ನೀವು."

"ಹೇಳ್ಲಿಲ್ಲ."

"ಆ ಮುದುಕೀನ ನಾನು ನಲ್ಲಿ ಹತ್ರ ನಿಲ್ಲಕ್ಕೂ ಬುಡ್ಲಿಲ್ಲ ಅಮ್ಮಾವ್ರೆ. ಒಂದೂವರೆ ತಿಂಗ್ಳು. ಕೊಡ ಎತ್ತಿ ಎಸ್ದೆ ಒಂದಿನ. ಬರ್ಸಿ ಕಳ್ಸಿದ್ದೆ ಕಣೆ ನಿಂಗಿ ಅಂತಿದ್ಳು. ಸುಳ್ಳಿ ಅಂದೆ." ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಯೆಲ್ಲ ಕಪ್ಪಾಯಿತು. "ನನ್ ಮಗಳ ಕಣ್ಣು ನೀವು ತಂದ್ಕೊಡಕ್ಕಾಗಲ್ಲ. ಆಯಮ್ಮಂಗೆ ನಾನಂದಿದ್ದು ನಾನು ನುಂಗ್ಕೊಳಕ್ಕಾಗಲ್ಲ. ಹೋಗಿ, ಈಗ ಹೋಗಿ."

ನಾನು ಓಣಿಯ ತುದಿ ತಲುಪುವಷ್ಟರಲ್ಲಿ ಹಿಂದಿನಿಂದ ಕೂಗಿದರು. "ಜೂನಿಗೆ ಗೌರೀನ ಕಳುಸ್ತೀನಿ. ಮುಂದಿನ ಬೆಂಚಲ್ಲಿ ಕೂರ್ಸಿ. ಬೋರ್ಡು ಬಲಗಣ್ಣಿಗೆ ಬರೋ ಹಂಗೆ."

ಜುಲೈನಲ್ಲಿ ನನ್ನ ಚಾರ್ಜು ಹೋಯಿತು. ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ ಬರೆದರು. ಅದೇ ಸ್ಕೂಲಿನಲ್ಲಿ ಸಹಾಯಕ ಶಿಕ್ಷಕಿಯಾಗಿ ಉಳಿದೆ. ಹೋದ ವರ್ಷ ಇನ್ನೊಂದು ಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಮಾಡಿದ್ದಾರೆ. ನಂಜೇಗೌಡ ಮೇಷ್ಟ್ರು ಈಗಿಲ್ಲ. ಚಾರ್ಜು ಒಪ್ಪಿಸುವ ದಿನ ನಾನು ಕಡೆಯದಾಗಿ ಬರೆದದ್ದು ಪುಟ್ಟಲಕ್ಷ್ಮಿಯ ಟಿ.ಸಿ. ಅವಳ ಮನೆಯವರು ಅದನ್ನು ತೆಗೆದುಕೊಳ್ಳದೆ ಹೋಗಿದ್ದರು. 'ಶಾಲೆ ಬಿಟ್ಟ ಕಾರಣ' ಎಂಬ ಕಡೆ 'ತಾಯಿ ಬಂದು ಕರೆದುಕೊಂಡು ಹೋದರು' ಎಂದು, 'ನಡತೆ' ಎಂಬ ಕಡೆ 'ಉತ್ತಮ' ಎಂದು ಬರೆದೆ. ಕೊಳ್ಳೇಗಾಲಕ್ಕೆ ಮೂರು ಕಾಗದ ಹಾಕಿದೆ. ಒಂದು ತಿರುಗಿ ಬಂತು, ಎರಡಕ್ಕೆ ಉತ್ತರವಿಲ್ಲ. ಒಂದು ಸಲ ಹೋಗಿಯೂ ಬಂದೆ. ವಕೀಲರ ಮನೆಯವರೇ ಊರು ಬಿಟ್ಟಿದ್ದರು.

ಮೊನ್ನೆ ಓಣಿಯಲ್ಲಿ ನಿಂಗಮ್ಮ ಕಂಡರು. ಕೂದಲು ನೆರೆತಿದೆ. ಗೌರಿ ಟೈಪಿಂಗ್ ಕಲಿಯುತ್ತಿದ್ದಾಳೆ. ನನ್ನನ್ನು ಕಂಡಾಗಲೆಲ್ಲ ನಿಂಗಮ್ಮ ಕೇಳುವುದು ಒಂದೇ, ಮೊನ್ನೆಯೂ ಕೇಳಿದರು: "ಏನಾದ್ರೂ ತಿಳೀತಾ ಅಮ್ಮಾವ್ರೆ?"

ಅದಕ್ಕೇ ಇದನ್ನು ಬರೆದೆ. ೧೯೫೮ರ ಜೂನಿನಲ್ಲೋ ಆಮೇಲೆಯೋ, ನಿಮ್ಮ ಸ್ಕೂಲಿಗೆ ಟಿ.ಸಿ. ಇಲ್ಲದೆ ಒಬ್ಬ ಹುಡುಗಿ ಬಂದಿದ್ದಳೇ? ಏಳನೆಯ ತರಗತಿಗೆ ಸೇರಬೇಕಾದವಳು, ದುಂಡನೆಯ ಅಕ್ಷರ, ಮುಖದಲ್ಲಿ ಸಿಡುಬಿನ ಕಲೆ, ಜೊತೆಯಲ್ಲಿ ಹೊಸಲು ದಾಟಲು ಹಿಂಜರಿಯುವ ಒಬ್ಬ ಅಜ್ಜಿ. ನಿಯಮ ಬದಿಗಿಟ್ಟು ಅವಳನ್ನು ಸೇರಿಸಿಕೊಂಡ ಮುಖ್ಯೋಪಾಧ್ಯಾಯರು ಯಾರಾದರೂ ಇದ್ದರೆ, ಅಥವಾ ಆ ಮನೆಯವರ ಸುದ್ದಿ ಬಲ್ಲವರಿದ್ದರೆ, ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಟಿ.ಸಿ. ನಮ್ಮ ಹಳೆಯ ಸ್ಕೂಲಿನ ಫೈಲಿನಲ್ಲಿ, ಆ ರಜಾಚೀಟಿಯ ಪಕ್ಕದಲ್ಲೇ ಇದೆ. ಅವಳೇ ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು: ಪುಟ್ಟಲಕ್ಷ್ಮಿ, ನೀನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಓದಿದ್ದು ತಪ್ಪು.